ಅಸ್ತರು

ಕೋಟಿನ ಅಸ್ತರು ಬದಲಿಸುವುದು ನನ್ನ ಕಸುಬು.
ಹೊರಬಟ್ಟೆಗೆ ಕೈ ಹಚ್ಚದೆ, ಗುಂಡಿ ಕಳೆಯದೆ,
ಬೆವರು ಕುಡಿದು ಪಿಸಿದ ರೇಷ್ಮೆಯನ್ನು ಬಿಚ್ಚಿ ಎಳೆದು
ಹೊಸದನ್ನು ಕೂರಿಸಿ, ಹೊಲಿಗೆ ಕಾಣದಂತೆ ಮುಚ್ಚುವುದು.
ಹಾಗಾಗಿ ಓಗ್ನಿಯಾನ್
"ಡಬ್ಬಿ ಇದೇ ಪೆನ್ಕಾ, ಒಳಗಿನದಷ್ಟೇ ಬೇರೆ" ಅಂದಾಗ
ನನಗೆ ಎರಡನೇ ಸಲ ಹೇಳಬೇಕಾಗಲಿಲ್ಲ.

ರೂಸೆ ಪಟ್ಟಣ, ಏಳನೇ ಮಹಡಿ, ಫೆಬ್ರವರಿ.
ಕಿಟಕಿಯಾಚೆ ದೂನಾವ್ ನದಿ
ಬೂದು ಬಟ್ಟೆಯ ಥಾನು ಉರುಳಿಬಿಟ್ಟ ಹಾಗೆ.
ಮೇಜಿನ ಮೇಲೆ ಅಂಗಾತ ಬಿದ್ದಿದೆ ರೌಟರು.
ಹನ್ನೊಂದು ವರ್ಷ ಬಾಡಿಗೆ ತೆತ್ತೆ.
ಹೋದ ಶರತ್ಕಾಲ ಕಾಗದ ಬಂತು: ಇನ್ನು ಇದು ನಿಮ್ಮದೇ,
ಕೆಟ್ಟರೆ ನಮ್ಮನ್ನು ಕೇಳಬೇಡಿ.
ಹೆಸರಿಗೆ ನನ್ನದು. ಬೀಗದ ಕೈ ಮಾತ್ರ ಅವರ ಸೊಂಟದಲ್ಲಿ.
ರಾತ್ರಿ ಮೂರಕ್ಕೆ ತಾನೇ ಆರಿ ತಾನೇ ಹತ್ತುತ್ತಿತ್ತು
ಚಪ್ಪಲಿ ಕೈಯಲ್ಲಿ ಹಿಡಿದು
ಯಾರೋ ಒಳಗೆ ಬಂದು ಹೋದ ಹಾಗೆ.

ಇವನೇ, ಮೀಸೆ ಚಿಗುರದ ಕಾಲದಲ್ಲಿ,
ನಮ್ಮ ತಾರಸಿಯಿಂದ ಎದುರು ಬ್ಲಾಕಿನ ತಾರಸಿಗೆ
ಮೀನುಗಾಳದ ದಾರಕ್ಕೆ ಕೇಬಲ್ ಕಟ್ಟಿ ಎಸೆದವನು.
ಮನೆಗೆ ತಿಂಗಳಿಗೆ ಐದು ಲೇವಾ.
ಸಿಡಿಲು ಹೊಡೆದರೆ ಇಡೀ ಬೀದಿ ಮೂಗ.
ಆಮೇಲೆ ಕಂಪನಿ ಬಂತು. ಕೇಬಲ್ ಕೊಂಡಿತು,
ಎಳೆದ ಹುಡುಗರನ್ನೂ ಕೊಂಡಿತು.
ಏಣಿಯೊಂದು ಉಳಿಯಿತು, ಮೆಟ್ಟಿಲ ಕೆಳಗೆ.

ನಾಲ್ಕು ಸ್ಕ್ರೂ. ಒಂದು ಚೀಟಿಯ ಅಡಿಗೆ ಅವಿತಿತ್ತು;
ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ನಾನೇ ಎಬ್ಬಿಸಿದೆ.
"ಸೂಜಿ ಇದೆಯಾ?"
ಕೇಳುತ್ತಾನಲ್ಲ, ನನ್ನನ್ನು!
ಸಣ್ಣ ತೂತಿಗೆ ಏಳನೇ ನಂಬರಿನ ಸೂಜಿ ಒತ್ತಿ ಹಿಡಿದು
ಮೂವತ್ತು ಎಣಿಸಿದೆ, ಟಾಂಕೆ ಎಣಿಸುವ ಲಯದಲ್ಲೇ.
ದೀಪ ಕಿತ್ತಳೆಗೆ ತಿರುಗಿತು.
ಹೊಸ ಫರ್ಮ್‌ವೇರ್ ಇಳಿಯತೊಡಗಿತು.
ನನ್ನ ಎರಡು ಫೋಟೋ ಸೇರಿದರೆ ಇದಕ್ಕಿಂತ ಭಾರವಂತೆ.

"ಈಗ ಕರೆಂಟು ಹೋದರೆ?"
"ಇಟ್ಟಿಗೆ," ಅಂದ. "ಗೋಡೆ ಕಟ್ಟಬಹುದು."

ನಮ್ಮ ಲಿಫ್ಟು ಹತ್ತಿ ಇಳಿದಾಗೆಲ್ಲ
ಏಳೂ ಮಹಡಿಯ ಬಲ್ಬು ಕಣ್ಣು ಕಿರಿದು ಮಾಡುತ್ತವೆ.
ಓಡಿದೆ. ಲಿಫ್ಟನ್ನು ನಮ್ಮ ಮಹಡಿಗೆ ಕರೆಸಿ
(ಅದು ಬರುವಷ್ಟರಲ್ಲಿ ಎದೆ ಬಾಯಿಗೆ ಬಂದಿತ್ತು)
ಬಾಗಿಲ ಸಂದಿಗೆ ಕಾಲು ಕೊಟ್ಟು ನಿಂತೆ.
ಕೆಳಗಿನಿಂದ ತ್ಸೊಂಕಾ ಕೂಗಿದಳು:
"ಯಾರದು ಮೇಲೆ? ನನ್ನ ಕೈಯಲ್ಲಿ ಎಲೆಕೋಸಿದೆ!"
ನಾನು ಉಸಿರೆತ್ತಲಿಲ್ಲ.
ಅರವತ್ತಾರರ ಹೆಂಗಸು, ಮನೆಚಪ್ಪಲಿಯಲ್ಲಿ,
ಇಡೀ ಕಟ್ಟಡವನ್ನು ಒಂದು ಹೆಬ್ಬೆರಳಲ್ಲಿ ತಡೆದು ನಿಂತಿದ್ದೆ.
ನಾಲ್ಕು ನಿಮಿಷ. ಎಲೆಕೋಸು ಮೆಟ್ಟಿಲು ಹತ್ತಿತು, ಬೈಯುತ್ತಾ.

ವಾಪಸು ಬಂದರೆ ಹಸಿರು ದೀಪ.
ಪರದೆಯ ಮೇಲೆ ಒಂದೇ ಸಾಲು:
ಪಾಸ್‌ವರ್ಡ್ ಇನ್ನೂ ಇಟ್ಟಿಲ್ಲ. ಇಡಿ.
ಹನ್ನೊಂದು ವರ್ಷದಲ್ಲಿ ಡಬ್ಬಿ ನನ್ನನ್ನು ಕೇಳಿದ ಮೊದಲ ಮಾತು.
ಓಗ್ನಿಯಾನ್ ನದಿಯ ಕಡೆ ಮುಖ ತಿರುಗಿಸಿದ.
ಇಟ್ಟೆ. ಏನೆಂದು ಇಲ್ಲಿ ಬರೆಯುವುದಿಲ್ಲ.

ಅವನು ಕೋಟು ಹಾಕಿಕೊಳ್ಳುವಾಗ ಫೋನ್ ಎತ್ತಿದೆ.
ಹತ್ತಿಯ ಒಳಗೆ ಕಿವಿ ಇಟ್ಟ ಹಾಗೆ.
"ಅಯ್ಯೋ, ಅದು ಹೋಯಿತು," ಅಂದ, ತಲೆ ತಗ್ಗಿಸಿ,
"ಮನೆ ಫೋನಿನ ಗುಟ್ಟು ಹಳೆಯದರ ಒಳಗೇ ಹೊಲಿದಿದ್ದರು."
ಹೋಗಲಿ ಬಿಡು, ಅಂದೆ. ಮೊಬೈಲ್ ಇದೆಯಲ್ಲ.

ಆ ಫೋನಿಗೆ ಬರುತ್ತಿದ್ದವನು ಒಬ್ಬನೇ.
ಸೋಮವಾರ ಹತ್ತು ಗಂಟೆಗೆ, ಯಾರೋ ಮುದುಕ, ಗೊಗ್ಗರು ದನಿ:
"ಟೈರು ಬಂತಾ?"
ಟೈರಿನ ಅಂಗಡಿಯಲ್ಲ ಎಂದು ಒಂದು ವರ್ಷ ಹೇಳಿದೆ.
ಆಮೇಲೆ "ಇನ್ನೂ ಇಲ್ಲ" ಅನ್ನತೊಡಗಿದೆ.
"ಹಾಗಾದರೆ ಮುಂದಿನ ವಾರ," ಅನ್ನುತ್ತಿದ್ದ, ಸಮಾಧಾನದಲ್ಲಿ.

ಹಳೆ ಅಸ್ತರು ಬಿಚ್ಚುವಾಗ ಏನೇನೋ ಸಿಗುತ್ತದೆ:
ಬಸ್ ಟಿಕೆಟ್ಟು, ಸೂರ್ಯಕಾಂತಿ ಸಿಪ್ಪೆ,
ಒಮ್ಮೆ ಒಂದು ಹಾಲುಹಲ್ಲು.
ಏನನ್ನೂ ಎಸೆಯುವವಳಲ್ಲ ನಾನು,
ಹೊಸ ಜೇಬಿಗೆ ಹಾಕಿಯೇ ಕೋಟು ಮರಳಿಸುತ್ತೇನೆ.

ಇವತ್ತು ಸೋಮವಾರ. ಹತ್ತಾಯಿತು.
ದೀಪ ಹಸಿರಾಗಿಯೇ ಇದೆ.